ಹೊಸ ತಂಡದೊಂದಿಗೆ ಕ್ರೈಸ್ತ ಮೆಟಲ್‌ಕೋರ್ ಆಲ್ಬಂ: ಕೆಜಿಎಫ್, ಕೋಲಾರದ ಬ್ಯಾಂಡುಗಳಿಗೆ ಕೈಪಿಡಿ

ಹಾಡುಗಾರನೋ ಡ್ರಮ್ಮರೋ ಬಿಟ್ಟುಹೋಗಿ ಹೊಸಬರು ಬಂದ ಮೇಲೆ ಆಲ್ಬಂಗೆ ಕೈಹಾಕುವ ಬ್ಯಾಂಡುಗಳು ಎಡವುವುದು ರೆಕಾರ್ಡಿಂಗಿಗಿಂತ ಮುಂಚೆಯೇ. ಹಾಡಿನ ವೇಗ ಹಳೆಯ ಡ್ರಮ್ಮರನ ಕಾಲಿಗೆ ಹೊಂದಿಸಿದ್ದು, ಶ್ರುತಿ ಹಳೆಯ ಗಾಯಕನ ಗಂಟಲಿಗೆ ಹೊಂದಿಸಿದ್ದು. ಅದನ್ನು ಹಾಗೇ ಇಟ್ಟುಕೊಂಡು ಹೊಸಬರನ್ನು ಅದರೊಳಗೆ ತುರುಕಿದರೆ ಹತ್ತನೇ ಟೇಕಿಗೂ ಹಾಡು ಕೂರುವುದಿಲ್ಲ, ಎಲ್ಲರೂ ಸೇರಿ ಹೊಸಬನನ್ನು ಬೈಯುತ್ತಾರೆ. ತಪ್ಪು ಅವನದಲ್ಲ. ಈಗಿರುವ ಜನಕ್ಕೆ ತಕ್ಕಂತೆ ಹಾಡನ್ನು ಮತ್ತೆ ಕಟ್ಟಬೇಕು, ಆಮೇಲೆ ಮೈಕ್ ಇಡಬೇಕು. ಇಲ್ಲಿ ಹೇಳುವುದೆಲ್ಲ ಈ ಮಾತಿನ ವಿವರ.

ಮೆಟಲ್‌ಕೋರ್ ಎಂದರೆ ಹೆವಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಸಂಗೀತ. ಅಮೆರಿಕದ ಕ್ರೈಸ್ತ ಮೆಟಲ್‌ಕೋರ್ ಬ್ಯಾಂಡುಗಳು ಇದನ್ನು ಮಾಡಿ ತೋರಿಸಿವೆ. ವೆಸ್ಟ್ ವರ್ಜೀನಿಯಾದ ಝೇಯೋ 1998ರ ಆಲ್ಬಂ ಮಾಡುವಾಗ ಹಳಬರಲ್ಲಿ ಉಳಿದಿದ್ದವನು ಡ್ರಮ್ಮರ್ ಒಬ್ಬನೇ. ಬ್ಯಾಂಡ್ ಹೊಸ ಗಾಯಕನ ಒರಟು ಕಂಠವನ್ನೇ ನಡುವೆ ಇಟ್ಟುಕೊಂಡು ಬೇರೆಯೇ ಸದ್ದು ಕಟ್ಟಿತು. ಅಂಡರ್‌ಓತ್ 2004ರಲ್ಲಿ ಹೊಸ ಗಾಯಕನಿಗೆ ಸ್ಕ್ರೀಮ್ (ಕಿರುಚಿ ಹಾಡುವ ಭಾಗ) ಕೊಟ್ಟು, ಡ್ರಮ್ಮರ್ ಕೈಲಿ ರಾಗದ ಭಾಗ ಹಾಡಿಸಿತು. ಆಗಸ್ಟ್ ಬರ್ನ್ಸ್ ರೆಡ್ 2007ರ ಆಲ್ಬಂಗೆ ಹೊಸ ಗಾಯಕ, ಹೊಸ ಬಾಸಿಸ್ಟ್ ಇಬ್ಬರನ್ನೂ ಕೂಡಿಸಿಕೊಂಡಿತು. ಹೋದವರ ನಕಲು ಮಾಡಲು ಹೊರಟಿದ್ದರೆ ಈ ಮೂರರಲ್ಲಿ ಒಂದೂ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ.

ಕೆಳಗಿನ ಲೆಕ್ಕವೆಲ್ಲ 10 ಹಾಡು, ಸುಮಾರು 38 ನಿಮಿಷದ ಆಲ್ಬಂಗೆ. ಐದು ಜನರ ಬ್ಯಾಂಡ್, ಒಂದು ಮನೆಯ ಕೋಣೆ, ಒಂದು ಚರ್ಚ್ ಹಾಲ್, 8 ಚಾನೆಲ್ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರಿನ ಸದ್ದನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಮತ್ತು ಒಂದು ಲ್ಯಾಪ್‌ಟಾಪ್. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆಯ ಹುಡುಗರಲ್ಲಿ ಬಹಳಷ್ಟು ಜನ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು, ಹಾಗಾಗಿ ಕೆಲಸ ನಡೆಯುವುದು ಶನಿವಾರ, ಭಾನುವಾರ ಮಾತ್ರ ಎಂದು ಹಿಡಿಯಿರಿ. ತಯಾರಿಗೆ 8 ವಾರಾಂತ್ಯ, ರೆಕಾರ್ಡಿಂಗಿಗೆ 10, ಎಡಿಟಿಂಗ್ ಮತ್ತು ಮಿಕ್ಸಿಂಗಿಗೆ 6. ಇದಕ್ಕಿಂತ ಕಡಿಮೆ ಅಂದುಕೊಂಡು ಬಿಡುಗಡೆಯ ದಿನ ಪ್ರಕಟಿಸಬೇಡಿ.

ಮೊದಲು ಕಾಗದ

ಬಿಟ್ಟುಹೋದವರು ಬರೆದ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಅಥವಾ ಸಾಲು ಹೊಸ ಆಲ್ಬಮಿನಲ್ಲಿ ಇದೆಯೇ? ಹಾಡು ಹಾಡಿಗೂ ಒಂದು ಸಾಲು ಬರೆಯಿರಿ: ಸಾಹಿತ್ಯ ಯಾರದು, ರಾಗ ಮತ್ತು ರಿಫ್ ಯಾರದು, ಶೇಕಡಾ ಎಷ್ಟು. ಹೋದವರ ಪಾಲು ಇದ್ದರೆ ಅವರ ಒಪ್ಪಿಗೆ ಬರವಣಿಗೆಯಲ್ಲಿ, ಸಹಿ ಸಮೇತ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಕ್ಕಿನ ವರ್ಗಾವಣೆ ಬಾಯಿಮಾತಿನಲ್ಲಿ ನಡೆಯುವುದಿಲ್ಲ. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಅಷ್ಟೇ ಎಂದಾಗುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ. ಆಲ್ಬಂ ಆನ್‌ಲೈನಿನಲ್ಲಿ ಇಡೀ ಜಗತ್ತಿಗೆ ಹೋಗುವುದರಿಂದ ಈ ಎರಡೂ ಬರೆದಿರಲೇಬೇಕು. ಹೋದವರು ಒಪ್ಪದಿದ್ದರೆ ಆ ಹಾಡು ಬಿಟ್ಟುಬಿಡಿ. ರಿಫ್ ಸ್ವಲ್ಪ ತಿರುಚಿ ಬಳಸುವ ಯೋಚನೆ ಬೇಡ. ಕ್ರಿಸ್ತನ ಹೆಸರಿನಲ್ಲಿ ಹಾಡುವ ಬ್ಯಾಂಡಿಗೆ ಇದು ಕಾನೂನಿನ ಪ್ರಶ್ನೆ ಮಾತ್ರ ಆಗಿರಬಾರದು.

ಬ್ಯಾಂಡಿನ ಹೆಸರು ಯಾರಿಗೆ ಉಳಿಯುತ್ತದೆ, ಖರ್ಚು ಯಾರು ಹಾಕಿದರು, ಬಂದ ದುಡ್ಡಿನಲ್ಲಿ ಮೊದಲು ಏನು ತೀರಿಸಬೇಕು, ಇವೂ ಅದೇ ಹಾಳೆಯಲ್ಲಿ ಬರಲಿ. ಹೊಸಬರ ನಂಬಿಕೆಯ ಮಾತನ್ನೂ ಈಗಲೇ ಆಡಿಬಿಡಿ. ಎಲ್ಲರೂ ಒಂದೇ ಸಭೆಯವರಾಗಿರಬೇಕಿಲ್ಲ. ಆದರೆ ಹಾಡಿನಲ್ಲಿ ಏನು ಹೇಳುತ್ತೇವೆ ಎನ್ನುವುದಕ್ಕೆ ಐವರೂ ಬಾಯಿ ತುಂಬಿ ಹೌದು ಅನ್ನಬೇಕು. ಆಲ್ಬಂ ಹೊರಬಂದ ಮೇಲೆ ಒಬ್ಬ ಹಿಂದೆ ಸರಿದರೆ ಮತ್ತೆ ಮೊದಲಿನಿಂದ ಶುರು.

ವೇಗ ಮತ್ತು ಶ್ರುತಿ

ಡ್ರಮ್ಮರನಿಂದ ಆರಂಭಿಸಿ. ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್ ಸದ್ದು) ಹಾಕಿ, ಡಬಲ್ ಪೆಡಲಿನಲ್ಲಿ ಹದಿನಾರರ ನೋಟುಗಳನ್ನು (ಬೀಟಿಗೆ ನಾಲ್ಕು ಹೊಡೆತ) 8 ಬಾರ್ (ಬಾರ್ ಎಂದರೆ ನಾಲ್ಕು ಬೀಟಿನ ಆವರ್ತ) ನಿಲ್ಲಿಸದೆ ಹೊಡೆಸಿ, ಫೋನಿನಲ್ಲಾದರೂ ರೆಕಾರ್ಡ್ ಮಾಡಿ. 150 ಬಿಪಿಎಂನಿಂದ (ನಿಮಿಷಕ್ಕೆ 150 ಬೀಟ್) 5ರಂತೆ ಏರಿಸುತ್ತ ಹೋಗಿ. ಎಡಗಾಲಿನ ಹೊಡೆತ ಸಣ್ಣದಾಗುವ ಅಥವಾ ಹಿಂದೆ ಬೀಳುವ ವೇಗವೇ ಅವನ ಮಿತಿ. ಹಾಡಿನ ವೇಗ ಅದಕ್ಕಿಂತ 8 ಬಿಪಿಎಂ ಕೆಳಗಿರಲಿ. 180ರಲ್ಲಿ ಸೆಕೆಂಡಿಗೆ 12 ಹೊಡೆತ, ಎರಡು ಹೊಡೆತಗಳ ನಡುವೆ ಇರುವುದು 83 ಮಿಲಿಸೆಕೆಂಡ್. ಅಲ್ಲಿ 15 ಮಿಲಿಸೆಕೆಂಡ್ ಏರುಪೇರಾದರೂ ಗಿಟಾರಿನ ಚಗ್ (ಅಂಗೈಯಿಂದ ತಂತಿ ಒತ್ತಿ ಹೊಡೆಯುವ ಮೊಂಡು ಹೊಡೆತ) ಜೊತೆ ಕೂಡದೆ ಕೆಸರಾಗಿ ಕೇಳುತ್ತದೆ. ಹಳೆಯ ಹಾಡು 190ರಲ್ಲಿತ್ತು, ಹೊಸಬ 180ಕ್ಕೆ ಗಟ್ಟಿ ಅಂದರೆ ಹಾಡು 172ಕ್ಕೆ ಇಳಿಯಲಿ. ಕೇಳುಗರಿಗೆ ಗೊತ್ತಾಗುವುದು ಬಿಗಿ, ಸಂಖ್ಯೆಯಲ್ಲ.

ಶ್ರುತಿ ನಿರ್ಧರಿಸುವುದು ರಾಗದ ಭಾಗ ಹಾಡುವವನು. ಕೋರಸ್ಸಿನ ಅತಿ ಎತ್ತರದ ಸ್ವರವನ್ನು ಅವನು ಸತತ ಆರು ಸಲ, ಮುಖ ಕೆಂಪಾಗದೆ ಹಾಡಬಲ್ಲನೇ ನೋಡಿ. ಆಗದಿದ್ದರೆ ಡ್ರಾಪ್ ಸಿಯಿಂದ (ಕೆಳತಂತಿ ಸಿ ಸ್ವರಕ್ಕಿಳಿಸಿದ ಟ್ಯೂನಿಂಗ್) ಡ್ರಾಪ್ ಬಿಗೆ ಅರ್ಧ ಸ್ವರ ಇಳಿಸಿ. ಆಲ್ಬಂ ಪೂರ್ತಿ ಒಂದೇ ಟ್ಯೂನಿಂಗ್ ಇದ್ದರೆ ಒಳ್ಳೆಯದು. ಎರಡಿದ್ದರೆ ಎರಡು ಗಿಟಾರ್ ಬೇಕು, ಯಾಕೆಂದರೆ ಒಂದೇ ಗಿಟಾರನ್ನು ಇಳಿಸಿ ಏರಿಸಿದರೆ ಕತ್ತಿನ ಬಾಗು ಬದಲಾಗಿ ದಿನವಿಡೀ ಶ್ರುತಿ ನಿಲ್ಲುವುದಿಲ್ಲ.

25.5 ಇಂಚು ಸ್ಕೇಲಿನ ಮಾಮೂಲಿ ಗಿಟಾರಿಗೆ ಡ್ರಾಪ್ ಸಿ ಆದರೆ 11–56, ಡ್ರಾಪ್ ಬಿ ಆದರೆ 12–60 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 9–42 ಹಾಕಿ ಇಳಿಸಿದರೆ ತಂತಿ ತೊಗಲಿನ ಪಟ್ಟಿಯಂತೆ ಜೋಲುತ್ತದೆ, ಪ್ರತಿ ಹೊಡೆತದ ಆರಂಭದಲ್ಲಿ ಸ್ವರ ಮೇಲೆ ಹಾರಿ ಆಮೇಲೆ ಇಳಿಯುತ್ತದೆ. ದಪ್ಪ ತಂತಿಗೆ ಕತ್ತಿನ ತುದಿಯ ನಟ್‌ನ ಸೀಳು ಸಾಲದಿದ್ದರೆ ಅದನ್ನು ಉಜ್ಜಿ ಅಗಲ ಮಾಡಿಸಬೇಕು. ಸೀಳಿನಲ್ಲಿ ತಂತಿ ಸಿಕ್ಕಿಕೊಂಡರೆ ಟ್ಯೂನ್ ಮಾಡುವಾಗ ‘ಟಿಂಕ್’ ಎಂದು ಜಿಗಿಯುತ್ತದೆ, ಅದೇ ಗುರುತು. 12ನೇ ಫ್ರೆಟ್ಟಿನ ಸ್ವರವನ್ನು ಟ್ಯೂನರಿನಲ್ಲಿ ನೋಡಿ 2 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಒಳಗೆ ಬರುವವರೆಗೆ ಬ್ರಿಡ್ಜಿನ ಸ್ಯಾಡಲ್ ಸರಿಸಿ.

ಸಾಹಿತ್ಯ: ಮಾತ್ರೆ ಎಣಿಸಿ ಬರೆಯಿರಿ

ಕನ್ನಡದಲ್ಲಿ ಸ್ಕ್ರೀಮ್ ಸರಿಯಾಗಿ ಕೂರುವುದಿಲ್ಲ ಎನ್ನುವವರು ಇಂಗ್ಲಿಷ್ ಸಾಲಿನ ಲಯದ ಮೇಲೆ ಕನ್ನಡ ಪದ ಹೊಂದಿಸಲು ನೋಡಿರುತ್ತಾರೆ. ಶಾಲೆಯಲ್ಲಿ ಕಲಿತ ಲಘು, ಗುರು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. 4/4ರ ಒಂದು ಬಾರಿನಲ್ಲಿ 16 ಹದಿನಾರರ ನೋಟು. ಒಂದು ನೋಟಿಗೆ ಒಂದು ಮಾತ್ರೆ ಹಿಡಿಯಿರಿ: ಲಘು 1, ಗುರು 2. ಮೆಟಲ್‌ಕೋರ್ ಬ್ರೇಕ್‌ಡೌನಿನಲ್ಲಿ (ನಡೆ ನಿಧಾನವಾಗಿ ಹೊಡೆತ ಭಾರವಾಗುವ ಭಾಗ) ಪದೇಪದೇ ಬರುವ ಹೊಡೆತ 3+3+3+3+4. ಅದರ ಮೇಲೆ ಈ ಸಾಲು ಇಟ್ಟು ನೋಡಿ:

ಏಳು ಏಳು ಏಳು ಏಳು ದೇವಾ

‘ಏಳು’ ಗುರು–ಲಘು, 3 ಮಾತ್ರೆ. ‘ದೇವಾ’ ಎರಡು ಗುರು, 4 ಮಾತ್ರೆ. ಒಟ್ಟು 16. ಕಿಕ್ ಮತ್ತು ಗಿಟಾರಿನ ಚಗ್ ಪ್ರತಿ ಪದದ ಮೊದಲ ಅಕ್ಷರಕ್ಕೆ ಬೀಳುತ್ತದೆ, ಹಾಡುಗಾರ ಏನನ್ನೂ ಎಳೆಯಬೇಕಿಲ್ಲ, ನುಂಗಬೇಕಿಲ್ಲ. ನೇರ ನಡೆಯ ಭಾಗಕ್ಕೆ 4+4+4+4 ಬೇಕಾದರೆ ಹೀಗೆ:

ಕತ್ತಲು ಕತ್ತಲು ಕಲ್ಲಿನ ಒಳಗೂ

ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುವುದರಿಂದ ‘ಕತ್ತಲು’ 2+1+1. ಸಾಲು ಬರೆದ ಕೂಡಲೇ ಮೇಲೆ ಪ್ರಸ್ತಾರ ಹಾಕಿ. 17 ಮಾತ್ರೆ ಬಂದರೆ ಸ್ಟುಡಿಯೋದಲ್ಲಿ ಸರಿಹೋಗುತ್ತದೆ ಎಂದು ಬಿಡಬೇಡಿ, ಅಲ್ಲಿ ಸರಿಹೋಗುವುದಿಲ್ಲ.

ಸ್ವರಾಕ್ಷರಗಳ ಆಯ್ಕೆಯೂ ಮುಖ್ಯ. ಆ, ಓ ಬಾಯಿ ತೆರೆಸುತ್ತವೆ, ಕೆಳಗಿನ ಗುಡುಗಿನಂಥ ಸ್ಕ್ರೀಮಿಗೆ ಒಗ್ಗುತ್ತವೆ. ಈ, ಏ ಮೇಲಿನ ಚೂಪು ಸ್ಕ್ರೀಮಿಗೆ. ಸಾಲಿನ ಕೊನೆಯಲ್ಲಿ ‘ಉ’ ಬಂದರೆ ತುಟಿ ಮುಚ್ಚಿ ಸದ್ದು ಸಾಯುತ್ತದೆ. ಎಳೆದು ನಿಲ್ಲಿಸುವ ಜಾಗದಲ್ಲಿ ದೀರ್ಘವೇ ಇರಲಿ. ಖ, ಘ, ಧ, ಭ ಹೆಚ್ಚು ಉಸಿರು ತಿನ್ನುತ್ತವೆ, ಒಂದೇ ಸಾಲಿನಲ್ಲಿ ಮೂರು ನಾಲ್ಕು ಬಂದರೆ ಕೊನೆಯ ಪದಕ್ಕೆ ಗಾಳಿ ಉಳಿಯುವುದಿಲ್ಲ. ಕ, ತ, ಟ, ಪ ಹೊಡೆತದ ಮೇಲೆ ಚೆನ್ನಾಗಿ ಕೂರುತ್ತವೆ. ಉಸಿರಿನ ಲೆಕ್ಕ: 150 ಬಿಪಿಎಂನಲ್ಲಿ 2 ಬಾರ್ ಎಂದರೆ 3.2 ಸೆಕೆಂಡ್, 4 ಬಾರ್ 6.4 ಸೆಕೆಂಡ್. ಹೊಸ ಗಾಯಕನಿಗೆ ಎರಡು ಬಾರಿಗೊಮ್ಮೆ ಅರ್ಧ ಬೀಟ್ ಖಾಲಿ ಬಿಡಿ. ವೇದಿಕೆಯ ಮೇಲೆ ಅದೇ ಅವನನ್ನು ಉಳಿಸುತ್ತದೆ.

ವಸ್ತುವಿಗೆ ಕೀರ್ತನೆಗಳ ಗ್ರಂಥವೇ ದೊಡ್ಡ ಗಣಿ. 13ನೇ ಕೀರ್ತನೆ ಆರೇ ವಚನ, ‘ಎಷ್ಟರ ತನಕ’ ಎಂದು ನಾಲ್ಕು ಸಲ ಕೇಳುತ್ತದೆ, ಕೊನೆಗೆ ಸ್ತುತಿಗೆ ತಿರುಗುತ್ತದೆ. ಅಂದರೆ ಬ್ರೇಕ್‌ಡೌನ್ ಆದ ಮೇಲೆ ಕೋರಸ್ ಎಲ್ಲಿ ತೆರೆದುಕೊಳ್ಳಬೇಕು ಎನ್ನುವುದನ್ನು ಅದೇ ತೋರಿಸುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಹಾಡಿಗೆ ಬಲವಂತವಾಗಿ ಗೆಲುವಿನ ಕೋರಸ್ ಅಂಟಿಸಬೇಡಿ, ಸತ್ಯವೇದವೇ ಅಂಟಿಸಿಲ್ಲ. ವಚನಗಳನ್ನು ಸಾರ ಹಿಡಿದು ನಿಮ್ಮ ಮಾತಿನಲ್ಲಿ ಬರೆಯಿರಿ. ಈಚಿನ ಅನುವಾದಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಪದಶಃ ಬಳಸುವುದಾದರೆ ಪ್ರಕಾಶಕರ ಲಿಖಿತ ಅನುಮತಿ ಕೇಳಬೇಕು.

ಸಾಹಿತ್ಯದ ಹಾಳೆಯನ್ನು ಪಾಸ್ಟರಿಗೂ ಸಭೆಯ ಕಮಿಟಿಗೂ ಮೊದಲೇ ಕೊಡಿ. ಸ್ಕ್ರೀಮ್ ಮಾತ್ರ ಕೇಳಿಸಿದರೆ ಹಿರಿಯರು ಗಾಬರಿಯಾಗುವುದು ಸಹಜ. ಓದಿದ ಮೇಲೆ ಕೇಳಿದರೆ ಅದು ಮೊರೆ ಎಂದು ಅವರಿಗೇ ತಿಳಿಯುತ್ತದೆ.

ಡೆಮೊ

ಡ್ರಮ್ಸನ್ನು ಕಂಪ್ಯೂಟರಿನಲ್ಲಿ ಬರೆದು, ಗಿಟಾರ್, ಬಾಸ್, ಒರಟಾಗಿ ಹಾಡಿದ ಧ್ವನಿ ಸೇರಿಸಿ ಹತ್ತೂ ಹಾಡಿನ ಪೂರ್ತಿ ಡೆಮೊ ಮಾಡಿ. ಎಲ್ಲಿ ವೇಗ ಬದಲಾಗುತ್ತದೆ, ಬ್ರೇಕ್‌ಡೌನ್ ಎಷ್ಟನೇ ಬಾರಿನಲ್ಲಿ ಶುರು, ಎಲ್ಲವೂ ಟೆಂಪೊ ಮ್ಯಾಪಿನಲ್ಲಿ ಬರಲಿ. ಡೆಮೊ ಎರಡು ವಾರ ಎಲ್ಲರ ಫೋನಿನಲ್ಲಿರಲಿ, ರೈಲಿನಲ್ಲಿ ಕೇಳಲಿ. ಹೊಸ ಡ್ರಮ್ಮರ್ ಬರೆದಿಟ್ಟ ಫಿಲ್‌ಗಳನ್ನು ತನ್ನ ಕೈಗೆ ಹೊಂದುವಂತೆ ಬದಲಿಸಲು ಇದೇ ಸಮಯ. ಗಿಟಾರಿನವರು ಪ್ರತಿ ರಿಫ್ಫಿನ ಪಕ್ಕ ಕೆಳಹೊಡೆತವೇ, ಮೇಲೆ–ಕೆಳಗೆ ಹೊಡೆತವೇ ಎಂದು ಬರೆದುಕೊಳ್ಳಬೇಕು. ಒಬ್ಬ ಎಲ್ಲವನ್ನೂ ಕೆಳಗೇ ಹೊಡೆದು, ಇನ್ನೊಬ್ಬ ಮೇಲೆ–ಕೆಳಗೆ ಹೊಡೆದರೆ ಸ್ವರ ಸರಿಯಿದ್ದರೂ ಎಡ–ಬಲ ಎರಡು ಬೇರೆ ಹಾಡಿನಂತೆ ಕೇಳುತ್ತದೆ. ಹೊಸ ಗಿಟಾರಿಸ್ಟ್ ಬಂದ ಬ್ಯಾಂಡುಗಳಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಈ ಒಂದು ವಿಷಯಕ್ಕೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಕರೆಂಟು ಮತ್ತು ಕೋಣೆ

230 ವೋಲ್ಟ್, 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು 50, 100, 150 ಹರ್ಟ್ಸಿನಲ್ಲಿ ಕೇಳುತ್ತದೆ. ಹೈ ಗೇನ್ ಗಿಟಾರ್ ಅದನ್ನು ನೂರುಪಟ್ಟು ದೊಡ್ಡದು ಮಾಡುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ನೋಡಿ. 3 ವೋಲ್ಟ್ ಮೀರಿದರೆ ಅರ್ಥಿಂಗ್ ಅಥವಾ ವೈರಿಂಗ್ ಸರಿಯಿಲ್ಲದಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಕೀಳಬೇಡಿ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆದು ಜೀವ ಹೋಗಬಹುದು. ಎಲ್ಲ ಉಪಕರಣ ಒಂದೇ ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಹೋಗಲಿ. ಗಿಟಾರ್ ಟೇಕಿಗೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಡಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆದರೆ ಕರೆಂಟು ಹೋದಾಗ ಅದರ ಮೇಲೆ ರೆಕಾರ್ಡ್ ಮಾಡಲೇಬೇಡಿ, ಜೇನುಹುಳದ ಗುಂಯ್ ಸದ್ದು ಟೇಕಿನಲ್ಲಿ ಕೂರುತ್ತದೆ. ಸೈನ್ ವೇವ್ ಆದರೆ ನಡೆಯುತ್ತದೆ.

ಗಣಿ ಕಾಲದ ಲೈನ್ ಮನೆಗಳಲ್ಲಿ ಒಂದೇ ಗೋಡೆ ಎರಡು ಮನೆಗೆ. ಅಲ್ಲಿ ಡಿಐ (ಆಂಪ್ ಇಲ್ಲದೆ ನೇರ ಇಂಟರ್‌ಫೇಸಿಗೆ ಚುಚ್ಚಿದ) ಗಿಟಾರ್, ಬಾಸ್, ಎಡಿಟಿಂಗ್ ಮಾತ್ರ ಇಟ್ಟುಕೊಳ್ಳಿ. ವಸತಿ ಪ್ರದೇಶದ ಶಬ್ದದ ಮಿತಿ 2000ದ ನಿಯಮದಂತೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಡ್ರಮ್ ಸೆಟ್ 100 ದಾಟುತ್ತದೆ.

ಕೋಣೆಯ ಮೂಲೆಗಳಲ್ಲಿ ಮೊದಲು ರಾಕ್‌ವುಲ್ ಇಡಿ: 600×1200 ಮಿಲಿಮೀಟರ್, 50 ಮಿಲಿಮೀಟರ್ ದಪ್ಪದ ಹಲಗೆ ಎರಡು ಪದರ, ಘನಮೀಟರಿಗೆ 48 ಕೆಜಿ ಸಾಂದ್ರತೆ. ಮರದ ಚೌಕಟ್ಟಿಗೆ ಹತ್ತಿ ಬಟ್ಟೆ ಸುತ್ತಿ. ಕತ್ತರಿಸುವಾಗ ಮಾಸ್ಕ್, ಕೈಗವಸು ಬೇಕು. ಇಂಥ 8 ಚೌಕಟ್ಟು ಸಾಕು. ಮೊಟ್ಟೆಯ ಟ್ರೇ ಬಾಸಿಗೆ ಏನೂ ಮಾಡುವುದಿಲ್ಲ. 10×12 ಅಡಿ ಕೋಣೆಯಲ್ಲಿ 56 ಮತ್ತು 47 ಹರ್ಟ್ಸ್ ಸುತ್ತ ಸದ್ದು ಉಬ್ಬುತ್ತದೆ. ಡ್ರಾಪ್ ಬಿ ಗಿಟಾರಿನ ಕೆಳತಂತಿ 61.7 ಹರ್ಟ್ಸ್, ಕಿಕ್ಕಿನ ಗುದ್ದೂ ಅದರ ಆಸುಪಾಸಿನಲ್ಲೇ. ಆದ್ದರಿಂದ ಕೋಣೆಯ ಸ್ಪೀಕರ್ ನಂಬಿ ಬಾಸ್ ಕಡಿಮೆ ಮಾಡಬೇಡಿ, ಹೆಡ್‌ಫೋನಿನಲ್ಲಿ ನೋಡಿ ತೀರ್ಮಾನಿಸಿ.

ಡ್ರಮ್ಸ್

ಚರ್ಚಿನ ಹಾಲ್ ಕೇಳುವಾಗ ತಾರೀಕು ಬರೆದ ಪತ್ರ ಕೊಡಿ. ಲೆಂಟಿನ 40 ದಿನ ಮತ್ತು ಡಿಸೆಂಬರ್ ಬಿಟ್ಟು ಕೇಳಿ. ಕೋಲಾರ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು, ತಗಡಿನ ಮಾಡಿದ್ದರೆ ಆ ತಿಂಗಳೂ ಬೇಡ. ಮೂರು ದಿನ ಬೇಕು: ಮೊದಲ ದಿನ ಸೆಟ್ ಮಾಡಿ ಸದ್ದು ನೋಡುವುದಕ್ಕೇ, ಉಳಿದೆರಡು ದಿನ ಐದೈದು ಹಾಡು.

8 ಚಾನೆಲ್ಲಿನ ಹಂಚಿಕೆ: ಕಿಕ್ 1, ಸ್ನೇರ್ 1, ಟಾಮ್ 3, ಓವರ್‌ಹೆಡ್ (ಸೆಟ್ಟಿನ ಮೇಲ್ಗಡೆಯ ಮೈಕ್) 2, ರೂಮ್ (ದೂರದ ಮೈಕ್) 1. ಡ್ರಮ್ಮುಗಳ ಎಲ್ಲ ಚರ್ಮವೂ ಹೊಸದಿರಲಿ, ಹಿಂದಿನ ದಿನವೇ ಹಾಕಿ ಎಳೆದು ಬಿಟ್ಟಿರಲಿ. ಸ್ನೇರಿನದನ್ನು ಐದು ಹಾಡಿಗೊಮ್ಮೆ ಬದಲಿಸಿ. ದಾರ ತೆಗೆದುಕೊಂಡು ಸ್ನೇರಿನ ನಡುವಿನಿಂದ ಎರಡೂ ಓವರ್‌ಹೆಡ್ ಮೈಕಿಗೆ ಒಂದೇ ದೂರ ಇಡಿ, ಸುಮಾರು 105 ಸೆಂಟಿಮೀಟರ್. ದೂರ ಬೇರೆಯಾದರೆ ಸ್ನೇರ್ ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ತಡವಾಗಿ ತಲುಪಿ, ಎರಡು ಸೇರಿದಾಗ ಟೊಳ್ಳಾಗುತ್ತದೆ. ಪರೀಕ್ಷೆಗೆ ಸ್ನೇರ್ ಚಾನೆಲ್ಲಿನ ಪೊಲಾರಿಟಿ (ಸದ್ದಿನ ಅಲೆಯ ಮೇಲು–ಕೆಳಗು) ತಿರುಗಿಸಿ ಕೇಳಿ, ಹೆಚ್ಚು ದಪ್ಪ ಕೇಳುವ ಕಡೆ ಉಳಿಸಿ.

ಹಳೆಯ ಕಲ್ಲಿನ ಕಟ್ಟಡದಲ್ಲಿ ಮಾರ್ದನಿ ಉದ್ದ. ಕಿಕ್ ಹೊಡೆತಗಳ ನಡುವೆ 83 ಮಿಲಿಸೆಕೆಂಡ್ ಇರುವಾಗ ಎರಡು ಸೆಕೆಂಡಿನ ಮಾರ್ದನಿ ಎಲ್ಲವನ್ನೂ ಮುಳುಗಿಸುತ್ತದೆ. ಸೆಟ್ಟಿನ ಕೆಳಗೆ, ಹಿಂದೆ ಮತ್ತು ಎರಡೂ ಪಕ್ಕ ಜಮಖಾನ, ದಪ್ಪ ಕಂಬಳಿ ತೂಗುಹಾಕಿ. ರೂಮ್ ಮೈಕ್ 3–4 ಮೀಟರ್ ದೂರದಲ್ಲಿರಲಿ, ಬ್ರೇಕ್‌ಡೌನಿನಲ್ಲಿ ಮಾತ್ರ ಅದನ್ನು ಎತ್ತಿ.

ಡ್ರಮ್ಮರಿಗೆ ಒಂದೇ ಮಾತು: ಚರ್ಮಕ್ಕೆ ಜೋರಾಗಿ, ಸಿಂಬಲ್‌ಗೆ ಮೆಲ್ಲಗೆ. ವೇದಿಕೆಯ ಹುಮ್ಮಸ್ಸಿನಲ್ಲಿ ಕ್ರ್ಯಾಶ್ ಚಚ್ಚಿದರೆ ಓವರ್‌ಹೆಡ್‌ನಲ್ಲಿ ಸ್ನೇರ್ ಹೂತುಹೋಗುತ್ತದೆ, ಮಿಕ್ಸಿಂಗಿನಲ್ಲಿ ಅದನ್ನು ಹೊರತೆಗೆಯಲು ದಾರಿಯಿಲ್ಲ. ಜೋರಾದ ಹೊಡೆತ –10 ಡಿಬಿ ಸುತ್ತ ನಿಲ್ಲುವಂತೆ ಗೇನ್ ಇಡಿ. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಒಂದು ಚಾನೆಲ್ ನಿಮಿಷಕ್ಕೆ 8.64 ಎಂಬಿ. 8 ಚಾನೆಲ್, 4 ನಿಮಿಷದ ಟೇಕ್ ಸುಮಾರು 276 ಎಂಬಿ, ಹತ್ತು ಹಾಡಿಗೆ ಐದೈದು ಟೇಕ್ ಸೇರಿ 14 ಜಿಬಿ. ಅದೇ ದಿನ ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಎರಡೂ ಒಂದೇ ಮನೆಯಲ್ಲಿ ಇರದಿರಲಿ.

ಗಿಟಾರ್, ಬಾಸ್

ಡಿಐ ಮೂಲಕ ರೆಕಾರ್ಡ್ ಮಾಡಿ, ಆಂಪ್ ಸದ್ದನ್ನು ಆಮೇಲೆ ಆರಿಸಿ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲ್ ಇಟ್ಟರೆ ತಡ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ನುಡಿಸಲು ತೊಂದರೆಯಿಲ್ಲ. 256 ದಾಟಿದರೆ ನುಡಿಸುವವನು ಗೊತ್ತಿಲ್ಲದೆ ಮುಂದೆ ಓಡುತ್ತಾನೆ.

ಯಾರು ನುಡಿಸಬೇಕು ಎನ್ನುವುದಕ್ಕೆ ನಮ್ಮ ಸ್ಪಷ್ಟ ಸಲಹೆ: ಬಿಗಿಯಾದ ಚಗ್ ಭಾಗಗಳ ಎಡ–ಬಲ ಎರಡನ್ನೂ ಒಬ್ಬನೇ, ಅವರಲ್ಲಿ ಬಲಗೈ ಗಟ್ಟಿಯಿರುವವನು ನುಡಿಸಲಿ, ಅವನು ಹೊಸಬನಾದರೂ ಸರಿ. ಸ್ವರಮೇಳ ತೆರೆದುಕೊಳ್ಳುವ ಕೋರಸ್ಸಿನಲ್ಲಿ ಇಬ್ಬರೂ ಒಂದೊಂದು ಬದಿ ನುಡಿಸಲಿ, ಅಲ್ಲಿ ಇಬ್ಬರ ಕೈಯ ವ್ಯತ್ಯಾಸವೇ ಅಗಲ ಕೊಡುತ್ತದೆ. ಈ ತೀರ್ಮಾನ ಡೆಮೊ ಹಂತದಲ್ಲೇ ಆಗಲಿ, ರೆಕಾರ್ಡಿಂಗ್ ದಿನ ಹೇಳಿದರೆ ಮನಸ್ಸು ಮುರಿಯುತ್ತದೆ. ಎರಡು ಟೇಕ್ ಬೇರೆಬೇರೆಯಾಗಿ ನುಡಿಸಿ ಪೂರ್ತಿ ಎಡ, ಪೂರ್ತಿ ಬಲಕ್ಕೆ ಹಾಕಿ. ಒಂದನ್ನೇ ನಕಲು ಮಾಡಿ ಎರಡು ಕಡೆ ಇಟ್ಟರೆ ನಡುವೆ ಬಂದು ಕೂರುತ್ತದೆ, ಅಗಲ ಬರುವುದಿಲ್ಲ.

ಜೋರಾಗಿ ಹೊಡೆದಾಗ ಸ್ವರ ಮೇಲೇರುವುದರಿಂದ ಕೆಳತಂತಿಯನ್ನು ಹಾಡಿನಲ್ಲಿ ಹೊಡೆಯುವಷ್ಟೇ ಬಲದಲ್ಲಿ ಹೊಡೆದು ಟ್ಯೂನ್ ಮಾಡಿ. ಚಗ್ ಮಾತ್ರ ಇರುವ ಭಾಗಕ್ಕೆ 3–5 ಸೆಂಟ್ ಕೆಳಗಿಟ್ಟರೂ ಆಗುತ್ತದೆ. ಪ್ರತಿ ಟೇಕಿಗೂ ಟ್ಯೂನರ್ ನೋಡಿ, ಎರಡು ಹಾಡಿಗೊಮ್ಮೆ ತಂತಿ ಬದಲಿಸಿ. ಬೇಸಿಗೆಯ ಮಧ್ಯಾಹ್ನ ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಬೆವರು ಮತ್ತು ಬಿಸಿಗೆ ತಂತಿ ಸಡಿಲುತ್ತದೆ, ಬೆಳಗ್ಗೆ 6ರಿಂದ 10 ಒಳ್ಳೆಯ ಹೊತ್ತು.

ಬಾಸಿಗೆ ಹೊಸ ತಂತಿ ಹಾಕಿ, ಪಿಕ್ ಹಿಡಿದೇ ನುಡಿಸಬೇಕು. ಮಿಕ್ಸಿನಲ್ಲಿ ಅದನ್ನು ಎರಡಾಗಿ ಸೀಳಿ: 250 ಹರ್ಟ್ಸಿನ ಕೆಳಗೆ ಸ್ವಚ್ಛ, ಕಂಪ್ರೆಸ್ ಮಾಡಿದ್ದು (ಜೋರು–ಮೆಲುವಿನ ಏರಿಳಿತ ತಗ್ಗಿಸಿದ್ದು), ಮೇಲೆ ಡಿಸ್ಟಾರ್ಶನ್. ಡ್ರಾಪ್ ಬಿ ಬಾಸಿನ ಕೆಳಸ್ವರ ಸುಮಾರು 31 ಹರ್ಟ್ಸ್, ಫೋನಿನ ಸ್ಪೀಕರಿನಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಬಾಸ್ ಇದೆ ಎಂದು ಕಿವಿಗೆ ಹೇಳುವುದು ಆ ಮೇಲಿನ ಡಿಸ್ಟಾರ್ಶನ್ನೇ.

ಧ್ವನಿ

ಬೆಳಗಿನ ಆರಾಧನೆಯಲ್ಲಿ ಹಾಡು ನಡೆಸಿದವನನ್ನು ಅದೇ ಸಂಜೆ ಸ್ಕ್ರೀಮಿಗೆ ನಿಲ್ಲಿಸಬೇಡಿ. ಸ್ಕ್ರೀಮ್ ಶನಿವಾರಕ್ಕೆ ಇರಲಿ. 15 ನಿಮಿಷ ಗುನುಗು ಮತ್ತು ತುಟಿ ಕಂಪನ, ಆಮೇಲೆ 40 ನಿಮಿಷ ಟೇಕ್, 15 ನಿಮಿಷ ಮೌನ, ಮತ್ತೆ 40. ದಿನಕ್ಕೆ ಒಂದು ಹಾಡು, ಹೆಚ್ಚೆಂದರೆ ಒಂದೂವರೆ. ಉಗುರುಬೆಚ್ಚಗಿನ ನೀರು ಪಕ್ಕದಲ್ಲಿರಲಿ. ಊಟ ಎರಡು ಮೂರು ಗಂಟೆ ಮುಂಚೆ ಆಗಿರಲಿ, ಹೊಟ್ಟೆ ತುಂಬಿದ್ದರೆ ಹುಳಿ ಗಂಟಲಿಗೆ ಬರುತ್ತದೆ. ಸದ್ದು ಬರಬೇಕಾದ್ದು ಧ್ವನಿತಂತುಗಳ ಮೇಲಿರುವ ಮಡಿಕೆಗಳ (ಫಾಲ್ಸ್ ಕಾರ್ಡ್) ಕಂಪನದಿಂದ ಮತ್ತು ಹೊಟ್ಟೆಯ ಉಸಿರಿನಿಂದ. ಗಂಟಲಲ್ಲಿ ಕೆರೆತ ಶುರುವಾದರೆ ಆ ದಿನದ ಕೆಲಸ ಮುಗಿಯಿತು. ನೋವಿದ್ದೂ ಮುಂದುವರಿದರೆ ಗಂಟು ಬೀಳಬಹುದು. ಧ್ವನಿ ಬಿದ್ದು ಎರಡು ವಾರದಲ್ಲಿ ಸರಿಯಾಗದಿದ್ದರೆ, ರಕ್ತ ಕಂಡರೆ ತಕ್ಷಣವೇ, ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಬೇಕು.

ಮೈಕ್ ಎಸ್‌ಎಂ58 ಆದರೂ ಸಾಕು, 5–8 ಸೆಂಟಿಮೀಟರ್ ದೂರ, ಪಾಪ್ ಫಿಲ್ಟರ್ ನಡುವೆ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿದರೆ ಅಕ್ಷರ ಕಲಸಿಹೋಗುತ್ತದೆ. ಎಸ್‌ಎಂ7ಬಿ ಬಳಸಿದರೆ ಪ್ರಿಆಂಪಿನಲ್ಲಿ 60 ಡಿಬಿ ಗೇನ್ ಬೇಕು, ಸಣ್ಣ ಇಂಟರ್‌ಫೇಸಿನಲ್ಲಿ ಆಗ ಸುಯ್ ಸದ್ದು ಬರುತ್ತದೆ. ಮುಖ್ಯ ಧ್ವನಿ ನಡುವೆ ಒಂದು, ಒತ್ತು ಬೇಕಾದ ಪದಗಳಿಗೆ ಮಾತ್ರ ಮೇಲಿನದೊಂದು ಕೆಳಗಿನದೊಂದು, 8 ಡಿಬಿ ಕಡಿಮೆ. ಗುಂಪುಕೂಗಿಗೆ ಸಭೆಯ ಯುವಜನ ಕೂಟದಿಂದ ಆರು ಜನ ಕರೆಸಿ, ಪ್ರತಿ ಸಲ ಜಾಗ ಬದಲಿಸಿ ನಿಲ್ಲಿಸಿ ನಾಲ್ಕು ಟೇಕ್ ತೆಗೆದರೆ 24 ಜನರ ಗುಂಪಿನಂತೆ ಕೇಳುತ್ತದೆ. ಕಾಯರಿನಲ್ಲಿ ಪಳಗಿದವರು ತಾನಾಗಿ ಸ್ವರ ಹಿಡಿದುಬಿಡುತ್ತಾರೆ. ಇಲ್ಲಿ ಬೇಕಿರುವುದು ಕೂಗು, ಸ್ವರಮೇಳವಲ್ಲ, ಮೊದಲೇ ಹೇಳಿ.

ಮಿಕ್ಸ್

ಗಿಟಾರ್ 80 ಹರ್ಟ್ಸಿನ ಕೆಳಗೆ ಮತ್ತು 10 ಕಿಲೋಹರ್ಟ್ಸಿನ ಮೇಲೆ ಕತ್ತರಿಸಿ. ಚಗ್ ಹೊಡೆದಾಗ 120–200 ಹರ್ಟ್ಸಿನಲ್ಲಿ ಉಬ್ಬುವುದನ್ನು ಮಲ್ಟಿಬ್ಯಾಂಡ್ ಕಂಪ್ರೆಸರಿನಿಂದ 3–4 ಡಿಬಿ ಹಿಡಿಯಿರಿ. 3.5–4.5 ಕಿಲೋಹರ್ಟ್ಸಿನಲ್ಲಿ ಸಿಳ್ಳೆಯಂಥ ಸದ್ದು ಹುಡುಕಿ ಕಿರಿದಾಗಿ ತೆಗೆಯಿರಿ, ಹಾಡಿನ ಅಕ್ಷರಗಳು ಕೇಳುವುದು ಅಲ್ಲೇ. ಚಗ್ ನಿಲ್ಲುವ ಜಾಗಗಳನ್ನು ಗೇಟಿಗೆ (ಸಣ್ಣ ಸದ್ದನ್ನು ತಾನಾಗಿ ಮುಚ್ಚುವ ಸಾಧನ) ಬಿಡದೆ ಕೈಯಾರೆ ಕತ್ತರಿಸಿ 5–10 ಮಿಲಿಸೆಕೆಂಡ್ ಫೇಡ್ ಹಾಕಿ. ಬ್ರೇಕ್‌ಡೌನಿನ ಆ ಮೌನವೇ ಮುಂದಿನ ಹೊಡೆತಕ್ಕೆ ತೂಕ. ಸಬ್ ಡ್ರಾಪ್ (ಕೆಳಕ್ಕೆ ಜಾರುವ ಆಳದ ಗುಂಯ್ ಸದ್ದು) ಇಡೀ ಆಲ್ಬಂಗೆ ನಾಲ್ಕೈದು ಸಾಕು, ಪ್ರತಿ ಬ್ರೇಕ್‌ಡೌನಿಗೂ ಹಾಕಿದರೆ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸಾಧನ) ಉಳಿದೆಲ್ಲವನ್ನೂ ಕೆಳಗೆ ಒತ್ತುತ್ತದೆ.

ಸ್ಪಾಟಿಫೈ ಮಾಮೂಲಾಗಿ –14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಇಳಿಸಿ ನುಡಿಸುತ್ತದೆ. –8ಕ್ಕೆ ಮಾಸ್ಟರ್ ಮಾಡಿದರೂ ಅದು 6 ಡಿಬಿ ತಗ್ಗುತ್ತದೆ, ಹಾಗಾಗಿ –5ರವರೆಗೆ ಜಜ್ಜಿ ಸ್ನೇರಿನ ಪೆಟ್ಟು ಕಳೆದುಕೊಳ್ಳುವುದು ನಷ್ಟವೇ. ಟ್ರೂ ಪೀಕ್ (ಸದ್ದಿನ ಅಲೆಯ ಅತಿ ಎತ್ತರದ ತುದಿ) –1 ಡಿಬಿ. ಮಿಕ್ಸಿಂಗ್ ಬೆಂಗಳೂರಿನವರಿಗೋ ಹೊರಗಿನವರಿಗೋ ಕೊಡುವುದಾದರೆ ಪ್ರತಿ ಟ್ರ್ಯಾಕೂ ಹಾಡಿನ ಸೊನ್ನೆಯಿಂದಲೇ ಶುರುವಾಗುವ ವೇವ್ ಫೈಲ್, ಟೆಂಪೊ ಮ್ಯಾಪಿನ ಮಿಡಿ ಫೈಲ್, ಗಿಟಾರಿನ ಬರೀ ಡಿಐ, ನಿಮ್ಮ ಒರಟು ಮಿಕ್ಸ್, ಸಾಹಿತ್ಯದ ಹಾಳೆ ಎಲ್ಲ ಕೊಡಿ. ಕನ್ನಡ ಬಾರದ ಎಂಜಿನಿಯರ್ ಆದರೆ ಮುಖ್ಯ ಪದ ಯಾವುದು ಎಂದು ಸಮಯ ಸಮೇತ ಗುರುತು ಹಾಕಬೇಕು, ಇಲ್ಲದಿದ್ದರೆ ‘ದೇವಾ’ ಎನ್ನುವ ಪದವೇ ಗಿಟಾರಿನ ಅಡಿಗೆ ಹೋಗುತ್ತದೆ.

ಬಿಡುಗಡೆ ಮತ್ತು ಮೊದಲ ಪ್ರದರ್ಶನ

ಡಿಸ್ಟ್ರಿಬ್ಯೂಟರಿಗೆ (ಆನ್‌ಲೈನ್ ವೇದಿಕೆಗಳಿಗೆ ಹಾಡು ತಲುಪಿಸುವ ಸಂಸ್ಥೆ) ನಾಲ್ಕು ವಾರ ಮೊದಲು ಹಾಕಿ. ಪ್ರತಿ ಹಾಡಿಗೂ 12 ಅಕ್ಷರದ ಐಎಸ್‌ಆರ್‌ಸಿ (ಧ್ವನಿಮುದ್ರಣದ ಗುರುತು ಸಂಕೇತ) ಇರಬೇಕು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಸೇರಿಸಿ, ಸ್ಕ್ರೀಮ್ ಕೇಳುವವರು ಓದಿಯೇ ಕೇಳುತ್ತಾರೆ. ಸಾಹಿತ್ಯ, ರಾಗ ಬರೆದವರು ಐಪಿಆರ್‌ಎಸ್ (ಸಾಹಿತ್ಯ, ಸಂಗೀತ ರಚಿಸಿದವರ ರಾಯಲ್ಟಿ ಸಂಗ್ರಹಿಸುವ ಸಂಘ) ಸದಸ್ಯರಾಗಿ, ಮೊದಲ ಹಾಳೆಯಲ್ಲಿ ಬರೆದ ಶೇಕಡಾವನ್ನೇ ಅಲ್ಲೂ ನೋಂದಾಯಿಸಲಿ. ಹೋದವರ ಹೆಸರು ಕ್ರೆಡಿಟ್ಟಿನಲ್ಲಿ ತಪ್ಪದಿರಲಿ.

ಪ್ರದರ್ಶನಕ್ಕೆ ಹಿನ್ನೆಲೆ ಟ್ರ್ಯಾಕನ್ನು ಸ್ಟೀರಿಯೋ ಫೈಲ್ ಮಾಡಿ: ಎಡಕ್ಕೆ ಕ್ಲಿಕ್, ಡ್ರಮ್ಮರ್ ಕಿವಿಗೆ ಮಾತ್ರ. ಬಲಕ್ಕೆ ಸಬ್ ಡ್ರಾಪ್, ಗುಂಪುಕೂಗು, ಅದು ಪಿಎಗೆ (ಸಭೆಗೆ ಕೇಳಿಸುವ ಸ್ಪೀಕರ್). ಚರ್ಚ್ ಹಾಲಿನ ಮಾಮೂಲಿ ಸ್ಪೀಕರ್ 40 ಹರ್ಟ್ಸಿನ ಕೆಳಗೆ ಸದ್ದು ಕೊಡುವುದಿಲ್ಲ, ಸುಮ್ಮನೆ ಕೋನ್ ಒದ್ದಾಡಿ ಹರಿಯುತ್ತದೆ. ಆ ಚಾನೆಲ್ಲಿಗೆ 45ರಲ್ಲಿ ಹೈಪಾಸ್ (ಅದರ ಕೆಳಗಿನ ಸದ್ದು ಕತ್ತರಿಸುವ ಫಿಲ್ಟರ್) ಹಾಕಿ. ಕೇಬಲ್ ಅದಲುಬದಲಾದರೆ ಇಡೀ ಸಭೆಗೆ ಕ್ಲಿಕ್ ಕೇಳುತ್ತದೆ, ಎರಡೂ ಜಾಕಿಗೆ ಬೇರೆ ಬಣ್ಣದ ಟೇಪ್ ಸುತ್ತಿ. ಟ್ರ್ಯಾಕ್ ನಡುವೆ ನಿಂತರೆ ಡ್ರಮ್ಮರ್ ಹೈಹ್ಯಾಟಿನಲ್ಲಿ ಎಣಿಕೆ ಕೊಟ್ಟು ಮುಂದುವರಿಸಬೇಕು. ತಾಲೀಮಿನಲ್ಲಿ ಪ್ರತಿ ಹಾಡಿನಲ್ಲೂ ಒಮ್ಮೆ ಹೇಳದೆ ಕೇಳದೆ ಟ್ರ್ಯಾಕ್ ನಿಲ್ಲಿಸಿ ಅದನ್ನು ಅಭ್ಯಾಸ ಮಾಡಿಸಿ.